ಗೋಕುಲಂ ಹೆಂಗಸರೂ ನಮ್ಮ ತಪ್ಪು ಲೆಕ್ಕವೂ

‘ಕ್ಲಬ್ ಅಂದ್ರೆ ಗಂಡಸರ ತಂಡ, ಹೆಂಗಸರದ್ದು ಅದರ ಬಾಲಂಗೋಚಿ’. ಫುಟ್‌ಬಾಲ್ ಬಲ್ಲವರ ಬಾಯಲ್ಲೂ ಈ ಮಾತು ಬರುತ್ತದೆ. ಕೋಯಿಕ್ಕೋಡಿನ ಗೋಕುಲಂ ಕೇರಳ ಎಫ್‌ಸಿಯ ಕಥೆ ಕೇಳಿದರೆ ಬರಲಾರದು.

2020ರ ಫೆಬ್ರವರಿ 14, ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ. ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್‌ನಲ್ಲಿ ಗೋಕುಲಂಗೆ ಎದುರಾಳಿ ಮಣಿಪುರದ ಕ್ರಿಫ್ಸಾ. ಬಂದವರು ಸರಿಯಾಗಿ ಕೂರುವ ಮೊದಲೇ ಪರಮೇಶ್ವರಿ ದೇವಿ ಗೋಲು ಹೊಡೆದಾಗಿತ್ತು. ಕಮಲಾ ದೇವಿ ಅದನ್ನು ಎರಡಾಗಿಸಿದರು. ಕ್ರಿಫ್ಸಾ ಬಿಡಲಿಲ್ಲ, ಎರಡನ್ನೂ ತೀರಿಸಿತು. ಇನ್ನೇನು ಮೂರು ನಿಮಿಷ ಉಳಿದಿದೆ ಎನ್ನುವಾಗ ನೇಪಾಳದ ಸಬಿತ್ರಾ ಭಂಡಾರಿ ಮೂರನೆಯದನ್ನು ಹೊಡೆದರು. ಕ್ಲಬ್ಬಿನ ಮೊದಲ ರಾಷ್ಟ್ರೀಯ ಲೀಗ್ ಕಿರೀಟ ಅದು. ಗಂಡಸರು 2019ರಲ್ಲಿ ಡುರಾಂಡ್ ಕಪ್ ಗೆದ್ದಿದ್ದರು, ನಿಜ. ಆದರೆ ಅವರ ಕೈಗೆ ಐ-ಲೀಗ್ ಬಂದದ್ದು 2021ರಲ್ಲಿ. ಏಷ್ಯಾದ ಅಂಗಳಕ್ಕೂ ಹೆಂಗಸರೇ ಮೊದಲು ಇಳಿದರು: 2021ರ ನವೆಂಬರ್, ಜೋರ್ಡಾನಿನ ಅಕಾಬಾ. ಅಲ್ಲಿನ ಏಷ್ಯಾ ಕ್ಲಬ್ ಟೂರ್ನಿಯಲ್ಲಿ ಉಜ್ಬೇಕಿಸ್ತಾನದ ಬುನ್ಯೋದ್ಕೋರ್ ತಂಡವನ್ನು 3-1ರಿಂದ ಮಣಿಸಿದರು. ಬಾಲ ಯಾರದ್ದು, ತಲೆ ಯಾರದ್ದು?

ಇನ್ನೊಂದು ನಂಬಿಕೆ: ಹೆಂಗಸರಿಗೆ ಚಿಕ್ಕ ಚೆಂಡು, ಕಿರಿದಾದ ಗೋಲ್‌ಪೋಸ್ಟ್, ಕಡಿಮೆ ಹೊತ್ತು. ಮೂರೂ ಸುಳ್ಳು. ಅದೇ 5ನೇ ಸೈಜಿನ ಚೆಂಡು, ಅದೇ 7.32 ಮೀಟರ್ ಅಗಲ ಮತ್ತು 2.44 ಮೀಟರ್ ಎತ್ತರದ ಗೋಲು, ಅದೇ 90 ನಿಮಿಷ. 1991ರ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಮಾತ್ರ 80 ನಿಮಿಷಕ್ಕೇ ಸೀಟಿ ಊದುತ್ತಿದ್ದರು. ಆ ನೆನಪೇ ಇನ್ನೂ ಓಡಾಡುತ್ತಿರಬೇಕು.

‘ಇದೆಲ್ಲ ಈಚಿನ ಶೋಕಿ, ಯಾರು ನೋಡ್ತಾರೆ?’ ಎನ್ನುವವರು 1920ರ ಡಿಸೆಂಬರ್ 26ರ ಲಿವರ್‌ಪೂಲ್‌ಗೆ ಹೋಗಿ ಬರಬೇಕು. ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಲೇಡೀಸ್ ಎಂಬ ಹೆಂಗಸರ ತಂಡದ ಆಟಕ್ಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷದ ಡಿಸೆಂಬರ್‌ನಲ್ಲೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಮೈದಾನಗಳಿಂದ ಹೆಂಗಸರನ್ನು ಹೊರಗಿಟ್ಟಿತು. ಆ ನಿಷೇಧ ಸುಮಾರು ಅರ್ಧ ಶತಮಾನ ಉಳಿಯಿತು. ನೋಡುವವರು ಇರಲಿಲ್ಲವೆಂದಲ್ಲ, ಆಡಗೊಡಲಿಲ್ಲ. ಇತ್ತ ಗೋಕುಲಂನ ಊರು ಕೋಯಿಕ್ಕೋಡಿನಲ್ಲೇ 1980ರಲ್ಲಿ ಏಷ್ಯಾ ಮಹಿಳಾ ಚಾಂಪಿಯನ್‌ಶಿಪ್ ನಡೆದು, ಭಾರತ ರನ್ನರ್ಸ್ ಅಪ್ ಆಗಿತ್ತು.

ಕಡೆಯದು ಹೆಚ್ಚು ನೋಯಿಸುವ ಮಾತು: ‘ನಮ್ಮವರಿಗೆ ಏಷ್ಯಾ ಮಟ್ಟದಲ್ಲಿ ಆಡುವ ತಾಕತ್ತಿಲ್ಲ.’ 2022ರ ಆಗಸ್ಟ್‌ನಲ್ಲಿ ಗೋಕುಲಂ ಮತ್ತೆ ಏಷ್ಯಾ ಕ್ಲಬ್ ಟೂರ್ನಿಗೆಂದು ತಾಷ್ಕೆಂಟ್ ತಲುಪಿತ್ತು. ಆ ಹೊತ್ತಿಗೇ ಹೊರಗಿನವರ ಹಸ್ತಕ್ಷೇಪದ ಕಾರಣ ಕೊಟ್ಟು ಫಿಫಾ ಭಾರತದ ಒಕ್ಕೂಟವನ್ನು ಅಮಾನತು ಮಾಡಿತು. ಕ್ಲಬ್ಬು ಪ್ರಧಾನಿಗೇ ಮೊರೆಯಿಟ್ಟಿತು. ಫಲ ಸಿಗಲಿಲ್ಲ, ಒಂದು ಪಂದ್ಯವನ್ನೂ ಆಡದೆ ವಾಪಸ್. ಅಮಾನತು ತೆರವಾದದ್ದು ಆಗಸ್ಟ್ 26ಕ್ಕೆ. ಕುರ್ಚಿಯವರ ಜಗಳಕ್ಕೆ ಬೂಟು ಕಟ್ಟಿ ನಿಂತವರು ದಂಡ ತೆತ್ತರು. ಇದನ್ನು ತಾಕತ್ತಿನ ಖಾತೆಗೆ ಬರೆಯುವುದು ಅನ್ಯಾಯ. ಅಕಾಬಾದಲ್ಲಿ ಗೋಲು ಹೊಡೆದಿದ್ದ ಮನೀಷಾ ಕಲ್ಯಾಣ್ 2022ರಲ್ಲೇ ಸೈಪ್ರಸ್‌ನ ಅಪೊಲೊನ್ ಸೇರಿ, ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳಾದಳು.

ಅಂದ ಹಾಗೆ, 2023ರ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್‌ನಲ್ಲಿ ಗೋಕುಲಂ ಕೈಲಿ 5-0 ಪೆಟ್ಟು ತಿಂದದ್ದು ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ. ಫೈನಲ್‌ವರೆಗೆ ಹೋದ ತಂಡ ಊರಲ್ಲೇ ಇದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಮುಂದಿನ ಸಲ ಅವರ ಪಂದ್ಯ ಊರಲ್ಲಿದ್ದರೆ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.