ಹಾವಿನ ಕಡಿತ: ರೋಮಿನ ವೈದ್ಯವೂ ನಮ್ಮ ವಿಷವೈದ್ಯವೂ

ಮುಂಗಾರು ಹದವಾಗಿ ಬಿದ್ದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕಡಲೆಕಾಯಿ ಬೆಳೆ ಹಬ್ಬಿತೆಂದರೆ, ಕಳೆ ಕೀಳುವ ಕೈಗಳಿಗೆ ಹಾವಿನ ಭಯ ತಪ್ಪಿದ್ದಲ್ಲ. ಕಡಿತವಾದೊಡನೆ ಹಗ್ಗದಿಂದ ಬಿಗಿದು, ಬ್ಲೇಡಿನಿಂದ ಕೊಯ್ದು, ಬಾಯಿಂದ ಹೀರುವ ರೂಢಿ ಇನ್ನೂ ಅಳಿದಿಲ್ಲ. ಈ ರೂಢಿ ಎಷ್ಟು ಹಳೆಯದು, ಇಂದು ಅದನ್ನು ಏಕೆ ಬಿಡಬೇಕು ಎಂಬುದನ್ನು ವಿವೇಚಿಸೋಣ.

ಸುಮಾರು 2000 ವರ್ಷಗಳ ಹಿಂದೆ ರೋಮ್ ಸಾಮ್ರಾಜ್ಯದ ಸೆಲ್ಸಸ್ ಎಂಬಾತನು ಲ್ಯಾಟಿನ್ ಭಾಷೆಯಲ್ಲಿ 8 ಭಾಗಗಳ ವೈದ್ಯಗ್ರಂಥವನ್ನು ರಚಿಸಿದನು. ಕಡಿತದ ಮೇಲ್ಭಾಗದಲ್ಲಿ ಕಟ್ಟಬೇಕು, ಆದರೆ ಅಂಗ ಮರಗಟ್ಟುವಷ್ಟು ಬಿಗಿಯಬಾರದು. ಸುತ್ತ ಗೀರಿ ಬಟ್ಟಲಿಟ್ಟು ವಿಷವನ್ನು ಸೆಳೆಯಬೇಕು. ಬಟ್ಟಲು ದೊರೆಯದಿದ್ದರೆ ಬಾಯಲ್ಲಿ ಹುಣ್ಣಿಲ್ಲದವನು ಹೀರಬೇಕು ಎಂಬುದು ಅವನ ವಿಧಾನ. ನಮ್ಮ ಸುಶ್ರುತಸಂಹಿತೆಯ ಕಲ್ಪಸ್ಥಾನವೂ ಕಡಿತಕ್ಕಿಂತ 4 ಅಂಗುಲ ಮೇಲೆ ಕಟ್ಟುವ ಅರಿಷ್ಟಾಬಂಧನವನ್ನು, ಕೊಯ್ಯುವ, ಹೀರುವ, ಸುಡುವ ಕ್ರಮಗಳನ್ನು ಹೇಳುತ್ತದೆ. 14ನೆಯ ಶತಮಾನದಲ್ಲಿ ಮಂಗರಾಜನು ಕನ್ನಡದಲ್ಲಿಯೇ 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯ ಗ್ರಂಥವನ್ನು ರಚಿಸಿದನು. ಪ್ರತಿವಿಷವಿಲ್ಲದ ಆ ಕಾಲದಲ್ಲಿ ವೈದ್ಯರು ಕೈಲಾದುದನ್ನೆಲ್ಲ ಮಾಡಿದರು.

ಇಂದು ಅದೇ ಕ್ರಮ ಅಪಾಯಕರ. ಮಂಡಲದ ಹಾವಿನ ವಿಷವು ಮಾಂಸವನ್ನು ಕೊಳೆಸುತ್ತದೆ, ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಬಿಗಿದರೆ ಅಂಗವೇ ನಾಶವಾಗಬಹುದು. ಕೊಯ್ದರೆ ರಕ್ತ ನಿಲ್ಲದು. ಹೀರಿದರೆ ಹೊರಬರುವ ವಿಷ ಅತ್ಯಲ್ಪ. ಕಟ್ಟುಹಾವಿನ ಕಡಿತದಲ್ಲಾದರೋ ನೋವೂ ಗುರುತೂ ಕಾಣದಿರಬಹುದು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ಕೂಡಲೇ ಸಂಶಯಿಸಬೇಕು.

ಸೆಲ್ಸಸ್‌ನ ಗ್ರಂಥದಲ್ಲಿ ಮಿಥ್ರಿಡೇಟಿಸ್ ಎಂಬ ಅರಸನ ವಿಷಹರ ಔಷಧವೊಂದಿದೆ. ನಮ್ಮ ಹಿಪ್ಪಲಿಯೂ ಅದರಲ್ಲಿ ಸೇರಿದೆ. ಆ ಅರಸನು ದಿನವೂ ಅಲ್ಪ ವಿಷ ಸೇವಿಸಿ ದೇಹವನ್ನು ಒಗ್ಗಿಸಿಕೊಂಡನೆಂದು ಪ್ರತೀತಿ. ಇಂದಿನ ಪ್ರತಿವಿಷವೂ ಇಂಥದೇ ತತ್ತ್ವದ ಫಲ. ಕುದುರೆಗೆ ಅಲ್ಪಾಲ್ಪವಾಗಿ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳಿಂದ ಅದನ್ನು ಸಿದ್ಧಪಡಿಸುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಅದೊಂದೇ ಮದ್ದು.

ಆದ್ದರಿಂದ ಭಕ್ತಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು: ಕಡಿತಕ್ಕೊಳಗಾದವರನ್ನು ನಡೆಸಬೇಡಿರಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಕಡಿದ ಕೈ ಅಥವಾ ಕಾಲಿಗೆ ದಬ್ಬೆಯ ಆಧಾರವಿತ್ತು ಅಲುಗದಂತಿಡಿರಿ. ಈಗಾಗಲೇ ಬಿಗಿಯಾಗಿ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚದೆ ವೈದ್ಯರಿಂದಲೇ ಬಿಚ್ಚಿಸಿರಿ. 108ಕ್ಕೆ ಕರೆಮಾಡಿ, ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಧಾವಿಸಿರಿ. ಮಂತ್ರ, ಬೇರು, ನಾರುಗಳಿಗಾಗಿ ಒಂದು ಗಳಿಗೆಯನ್ನೂ ಕಳೆಯಬೇಡಿರಿ. ಆಯುರ್ವೇದ ವೈದ್ಯರಾದ ನಾವೇ ಇದನ್ನು ಒತ್ತಿ ಹೇಳುತ್ತಿದ್ದೇವೆ. ಹೊಲಕ್ಕೆ ಬೂಟು, ಇರುಳಿಗೆ ಟಾರ್ಚು, ಮಲಗಲು ಮಂಚ ಮತ್ತು ಸೊಳ್ಳೆಪರದೆ, ಇವು ಎಲ್ಲ ಮದ್ದಿಗಿಂತ ಮೊದಲಿನ ಮದ್ದು.