ಆಣೆ ಸಾಕಾಗಿತ್ತು, ಆಸರೆ ಬೇಕಿತ್ತು

ನಮ್ಮಪ್ಪ ಎಷ್ಟು ಸಲ ಕುಡಿಯೋದು ಬಿಟ್ಟಿದ್ದಾರೆ ಎಂದು ಕೇಳಿದರೆ ಲೆಕ್ಕ ಹೇಳುವುದು ಕಷ್ಟ. ದಾಂಡೇಲಪ್ಪನ ಮೇಲೆ ಆಣೆ ಇಟ್ಟು ಒಮ್ಮೆ, ಉಳವಿಗೆ ಹೋದಾಗ ಚೆನ್ನಬಸವಣ್ಣನ ಗುಡಿ ಮುಂದೆ ಒಮ್ಮೆ, ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ ನನ್ನ ತಲೆ ಮೇಲೆ ಕೈಯಿಟ್ಟು ಒಮ್ಮೆ. ಯಾವುದೂ ಎರಡು ದಿನ ದಾಟಲಿಲ್ಲ. ‘ಮಗನ ತಲಿಗಿಂತ ಬಾಟ್ಲಿ ದೊಡ್ಡದಾತೇನ್ರಿ?’ ಎಂದು ಅವ್ವ ಅಳುತ್ತಿದ್ದಳು. ನಾನು ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಆದರೆ ನನ್ನ ಪ್ರಶ್ನೆಯೂ ಅದೇ ಆಗಿತ್ತು.

ನಮ್ಮದು ಕುಳಗಿ. ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯಲ್ಲಿ ಕಾಡಿನ ನಡುವಿನ ಸಣ್ಣ ಊರು. ಅರಣ್ಯ ಇಲಾಖೆಯ ನಿಸರ್ಗ ಶಿಬಿರ ಇರುವುದರಿಂದ ಹೊರಗಿನವರಿಗೂ ಹೆಸರು ಗೊತ್ತು. ಅಪ್ಪ ಪ್ರವಾಸಿಗರ ಜೀಪು ಓಡಿಸುತ್ತಿದ್ದರು. ಅವರ ಕುಡಿತ ಸಾರಾಯಿ ಪಾಕೀಟಿನಿಂದ ಶುರುವಾಯಿತಂತೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆದಾಗ ಅವ್ವ ದೇವರಿಗೆ ಕಾಯಿ ಒಡೆಸಿದ್ದಳಂತೆ. ನನಗಾಗ ಎರಡು ವರ್ಷ. ಆದರೆ ಅಪ್ಪ ಅಂಗಡಿಯ 90 ಎಂ.ಎಲ್. ಪೊಟ್ಟಣಕ್ಕೆ ಬದಲಾದರು, ಅಷ್ಟೇ. ಮೊದಲು ರಾತ್ರಿ ಮಾತ್ರ ಇದ್ದದ್ದು ಸಂಜೆಗೆ ಬಂತು, ಆಮೇಲೆ ಮುಂಜಾನೆಗೂ ಬಂತು. ಕೊನೆಗೆ ಮಾಲೀಕರು ಜೀಪಿನ ಕೀಲಿ ಕೊಡುವುದನ್ನೇ ನಿಲ್ಲಿಸಿದರು.

ನಾನು ಹಾಸ್ಟೆಲಿನಲ್ಲಿದ್ದು ಮೆಕ್ಯಾನಿಕಲ್ ಬಿ.ಇ. ಓದುತ್ತಿದ್ದೇನೆ. ‘ನಿಮ್ಮೂರ ಕಡೆ ರಾಫ್ಟಿಂಗಿಗೆ ಬರ್ತೀವಿ, ನಿಮ್ಮನ್ಯಾಗ ಉಳಕೋತೀವಿ’ ಎಂದು ಗೆಳೆಯರು ಅಂದಾಗಲೆಲ್ಲ ‘ಅಪ್ಪಗ ಆರಾಮಿಲ್ಲೋ’ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಅದನ್ನು ನೆಪ ಅಂದುಕೊಂಡೇ ಹೇಳುತ್ತಿದ್ದೆ. ಅದು ನೆಪವಲ್ಲ, ನಿಜ ಎಂದು ತಿಳಿದದ್ದು ಕಳೆದ ಮಳೆಗಾಲದಲ್ಲಿ.

ರಜೆಗೆ ಊರಿಗೆ ಬಂದಿದ್ದೆ. ಜಗಳ ಜೋರಾಯಿತು. ‘ಇವತ್ತಿಂದ ಮುಟ್ಟಂಗಿಲ್ಲ’ ಎಂದು ಅಪ್ಪ ಮತ್ತೆ ಆಣೆ ಮಾಡಿದರು. ಈ ಸಲ ತಪ್ಪಬಾರದು ಎಂದು ನಾವು ಅವರನ್ನು ಮನೆಯಿಂದ ಹೊರಗೇ ಬಿಡಲಿಲ್ಲ. ಮರುದಿನ ಲೋಟ ಹಿಡಿಯಲಾಗದಷ್ಟು ಕೈ ನಡುಗತೊಡಗಿದವು. ಮೈಯೆಲ್ಲ ಬೆವರು. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ರಾತ್ರಿ ‘ಅಂಗಳದಾಗ ಕರಡಿ ಬಂದೈತಿ’ ಎಂದು ಎದ್ದು ಕುಳಿತರು. ನಮ್ಮೂರಿನಲ್ಲಿ ಕರಡಿ ಬರುವುದೇನೂ ಸುಳ್ಳಲ್ಲ. ಬ್ಯಾಟರಿ ಹಿಡಿದು ಹೊರಗೆ ಹೋಗಿ ನೋಡಿದೆ. ಮಳೆ ಬಿಟ್ಟರೆ ಏನೂ ಇರಲಿಲ್ಲ. ಒಳಗೆ ಬರುವಷ್ಟರಲ್ಲಿ ಅಪ್ಪ ನೆಲಕ್ಕೆ ಬಿದ್ದಿದ್ದರು. ಕೈಕಾಲು ಸೆಟೆದು ಅದುರುತ್ತಿದ್ದವು, ಬಾಯಲ್ಲಿ ನೊರೆ.

ಪಕ್ಕದ ಮನೆಯವರ ಗಾಡಿಯಲ್ಲಿ ದಾಂಡೇಲಿಯ ದವಾಖಾನೆಗೆ ಕರೆದುಕೊಂಡು ಹೋದೆವು. ‘ಕುಡೀತಾರೇನು?’ ಎಂದು ಡಾಕ್ಟರ್ ಕೇಳಿದರು. ಅವ್ವ ಸೆರಗು ಸರಿ ಮಾಡಿಕೊಂಡು ‘ಇಲ್ರಿ’ ಅಂದಳು. ಹದಿನೆಂಟು ವರ್ಷ ಎಲ್ಲರಿಗೂ ಹೇಳಿದ್ದ ಮಾತು, ಅಲ್ಲಿಯೂ ತಾನಾಗಿಯೇ ಬಂತು. ನನಗೂ ಸುಮ್ಮನಿದ್ದು ರೂಢಿ. ಆದರೆ ಅಪ್ಪನ ಮುಖ ನೋಡಿ ಸುಮ್ಮನಿರಲಾಗಲಿಲ್ಲ. ‘ದಿನಾ ಕುಡೀತಾರ್ರಿ. ಹದಿನೆಂಟು ವರ್ಷಕ್ಕೂ ಮೇಲಾತು. ನಿನ್ನೆಯಿಂದ ಬಿಡಿಸೀವಿ’ ಅಂದೆ. ಮನೆಯ ಹೊರಗೆ ಆ ಮಾತನ್ನು ಹೇಳಿದ್ದು ಅದೇ ಮೊದಲು.

ಡಾಕ್ಟರ್ ನಮ್ಮನ್ನು ಬೈಯಲಿಲ್ಲ. ಬಿಡಿಸಿ ಹೇಳಿದರು. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ವರ್ಷಗಟ್ಟಲೆ ದಿನವೂ ಕುಡಿದರೆ ಆ ಮಂಕನ್ನು ಎದುರಿಸಲು ಮಿದುಳು ತನ್ನ ಚುರುಕನ್ನು ಏರಿಸಿಕೊಂಡೇ ಇರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಚುರುಕಿಗೆ ಕಡಿವಾಣವೇ ಇರುವುದಿಲ್ಲ. ನಡುಕ, ಬೆವರು, ಇಲ್ಲದ್ದು ಕಾಣುವುದು, ಫಿಟ್ಸ್ ಎಲ್ಲ ಬರುವುದು ಅದಕ್ಕೇ. ಮೊದಲ ಎರಡು ಮೂರು ದಿನಗಳಲ್ಲಿ ಜೀವಕ್ಕೇ ಅಪಾಯವಾಗಬಹುದು.

ನನಗೆ ನಮ್ಮೂರ ಹತ್ತಿರದ ನಾಗಝರಿ ವಿದ್ಯುದಾಗಾರ ನೆನಪಾಯಿತು. ಜಲವಿದ್ಯುತ್ ಕೇಂದ್ರದ ಕೊಳವೆಯಲ್ಲಿ ರಭಸವಾಗಿ ಇಳಿಯುವ ನೀರನ್ನು ಒಮ್ಮೆಲೇ ತಡೆದರೆ ಒತ್ತಡ ಏರಿ ಕೊಳವೆಯೇ ಸೀಳಬಹುದು. ಇದಕ್ಕೆ ನಮ್ಮ ಪಠ್ಯದಲ್ಲಿ ‘ವಾಟರ್ ಹ್ಯಾಮರ್’ ಎನ್ನುತ್ತಾರೆ. ಅದಕ್ಕೇ ವಾಲ್ವನ್ನು ನಿಧಾನವಾಗಿ ಮುಚ್ಚುತ್ತಾರೆ. ಒತ್ತಡ ತಾಳಿಕೊಳ್ಳಲು ಸರ್ಜ್ ಟ್ಯಾಂಕ್ ಕಟ್ಟುತ್ತಾರೆ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದವನು ನಾನು. ಮನೆಯಲ್ಲಿ ಮಾತ್ರ ವಾಲ್ವ್ ಗಟ್ಟಿಯಾಗಿ ತಿರುಗಿಸಿ ಬಾಗಿಲು ಕಾಯುತ್ತ ಕುಳಿತಿದ್ದೆ.

ಅಲ್ಲಿಂದ ಧಾರವಾಡದ ಡಿಮ್ಹಾನ್ಸ್‌ಗೆ ಬರೆದುಕೊಟ್ಟರು. ಅಲ್ಲಿ ನಡುಕ ಇಳಿಸುವ ಔಷಧಿ ಕೊಟ್ಟು, ದಿನದಿನಕ್ಕೆ ಅದನ್ನು ಕಡಿಮೆ ಮಾಡುತ್ತ ಬಂದರು. ಬಿ1 ಜೀವಸತ್ವದ ಇಂಜೆಕ್ಷನ್ ಕೊಟ್ಟರು. ದೇಹ ಹತೋಟಿಗೆ ಬಂದ ಮೇಲೆ ಮಾತು ಶುರುವಾಯಿತು. ಅಪ್ಪನ ಜೊತೆ ಅಷ್ಟೇ ಅಲ್ಲ, ನಮ್ಮ ಜೊತೆಗೂ. ‘ಇನ್ನು ಆಣೆ ಮಾಡಿಸಬೇಡಿ’ ಎಂದರು ಆಪ್ತ ಸಮಾಲೋಚಕರು. ಆಣೆ ಮುರಿದವನಿಗೆ ನಾಚಿಕೆ, ಆ ನಾಚಿಕೆ ಮರೆಯಲು ಮತ್ತೆ ಕುಡಿತ. ಈ ಸುತ್ತನ್ನು ನಮ್ಮ ಮನೆಯಲ್ಲಿ ನಾವೇ ಎಷ್ಟು ಸಲ ತಿರುಗಿಸಿದ್ದೆವೋ!

ಒಬ್ಬರೇ ಬಿಡುವುದು ಎಷ್ಟು ಕಷ್ಟ ಎನ್ನುವುದು ಹೊಸ ಸಂಗತಿಯೇನಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಕುಡಿತಕ್ಕೆ ಸಿಕ್ಕಿದ್ದ ಇಬ್ಬರು ಕುಳಿತು ಮಾತಾಡಿದ್ದರಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಹುಟ್ಟಿತು. ಅವರಲ್ಲಿ ಒಬ್ಬರು ಸ್ವತಃ ಡಾಕ್ಟರ್. ನಮ್ಮಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆ ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಕಟ್ಟಿಕೊಂಡು ಮತ್ತೆ ಮತ್ತೆ ಸೇರುತ್ತಾರೆ. ಎಲ್ಲದರ ಹುರುಳು ಒಂದೇ: ಕುಡಿತವನ್ನು ಕಂಡವರು ಪಕ್ಕದಲ್ಲಿರಬೇಕು. ಆದರೆ ಅಪ್ಪನ ಹಾಗೆ ಮುಂಜಾನೆಯಿಂದಲೇ ಕುಡಿಯುವವರು ಎಲ್ಲಿಗೇ ಹೋಗುವ ಮೊದಲು ಡಾಕ್ಟರಿಗೆ ತೋರಿಸಲೇಬೇಕು. ಅದನ್ನು ನಾವು ಕಲಿತದ್ದು ಕಣ್ಣಾರೆ ಕಂಡು.

ಇದು ಗೆದ್ದ ಕಥೆ ಅಂತ ನಾನು ಹೇಳಲಾರೆ. ದಸರೆಗೆ ನೆಂಟರ ಮನೆಯಲ್ಲಿ ಅಪ್ಪ ಮತ್ತೆ ಕುಡಿದರು. ಆ ರಾತ್ರಿ ಹಾಸ್ಟೆಲಿಗೆ ಅವರದೇ ಫೋನ್ ಬಂತು. ‘ತಮ್ಮಾ, ಇವತ್ತು ತಗೊಂಡೀನಿ. ನಾಳೆ ಧಾರವಾಡಕ್ಕ ಬರ್ತೀನಿ, ಬಸ್‌ಸ್ಟ್ಯಾಂಡಿಗೆ ಬಾ’ ಎಂದರು. ಆಣೆ ಇಲ್ಲ, ಅಳು ಇಲ್ಲ. ಅಷ್ಟು ವರ್ಷಗಳಲ್ಲಿ ಅಪ್ಪ ನನ್ನ ಹತ್ತಿರ ಸಹಾಯ ಕೇಳಿದ್ದು ಅದೇ ಮೊದಲು. ಮರುದಿನ ಬೆಳಗಿನ ಕ್ಲಾಸು ಬಿಟ್ಟು ಹೋಗಿ ನಿಂತೆ. ಬಸ್ಸಿನಿಂದ ಇಳಿದವರೇ ಹಳೇ ಚೀಟಿಗಳನ್ನೆಲ್ಲ ನನ್ನ ಕೈಗೆ ಕೊಟ್ಟರು.

ಮನೆಯಲ್ಲಿ ಇಂಥ ಅಪ್ಪ, ಅಣ್ಣ, ಕಾಕಾ ಇರುವ ಗೆಳೆಯರು ನನ್ನ ಕ್ಲಾಸಿನಲ್ಲೂ ಇದ್ದಾರೆ ಎಂದು ನನಗೀಗ ಗೊತ್ತು. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ 14446 ಇದೆ. ಕುಡಿಯುವವರೇ ಫೋನ್ ಮಾಡಬೇಕೆಂದಿಲ್ಲ, ನಾವೂ ಮಾಡಬಹುದು.

ಮೊನ್ನೆ ಊರಿಗೆ ಹೋದಾಗ ಅವ್ವ ನೋಟ್‌ಬುಕ್ಕಿನ ಹಾಳೆ ಹರಿದು ಕೊಟ್ಟು ‘ಆ ನಂಬರ್ ದೊಡ್ಡದಾಗಿ ಬರದುಕೊಡು’ ಅಂದಳು. ಸಂಘದ ಮೀಟಿಂಗಿನಲ್ಲಿ ನಮ್ಮ ಮನೆಯ ಕಥೆ ಹೇಳಿದಳಂತೆ. ಮುಗಿದ ಮೇಲೆ ಒಬ್ಬರು ಹಿಂದೆಯೇ ಬಂದು ಮೆಲ್ಲಗೆ ಕೇಳಿದರಂತೆ. ದವಾಖಾನೆಯಲ್ಲಿ ‘ಇಲ್ರಿ’ ಅಂದಿದ್ದ ಅದೇ ಅವ್ವ. ನಾನು ಬರೆದುಕೊಟ್ಟೆ.

– ಬಿ.ಇ. ವಿದ್ಯಾರ್ಥಿ, ಕುಳಗಿ