ಕಾಳಿ ನದಿಯ ರಾಫ್ಟಿಂಗ್: ನೀರು ಬಿಡುವವರು ಯಾರು, ಟಿಕೆಟ್ ಯಾವುದಕ್ಕೆ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಪರೀಕ್ಷೆ ಮುಗಿಯುವ ಮೊದಲೇ ನಮ್ಮ ಕಾಲೇಜಿನ ವಾಟ್ಸಾಪ್ ಗ್ರೂಪುಗಳಲ್ಲಿ ಶುರುವಾಗುವ ಚರ್ಚೆ ಒಂದೇ: "ದಾಂಡೇಲಿಗೆ ಯಾವಾಗ ಹೋಗೋದು?" ಹುಡುಗರು ರೇಟ್ ಕೇಳುತ್ತಾರೆ, ಹುಡುಗಿಯರು ಮನೆಯಲ್ಲಿ ಒಪ್ಪಿಗೆ ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಅಮ್ಮಿ ಕೊಡುವ ಉತ್ತರವೂ ಒಂದೇ: "ಪಾನಿ ಕೆ ಪಾಸ್ ನಕ್ಕೊ ಜಾವ್." ರೇಟ್ ಕೇಳುವುದೂ ತಪ್ಪಲ್ಲ, ಹೆದರುವುದೂ ತಪ್ಪಲ್ಲ. ಆದರೆ ಈ ನದಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಯಾವ ರೇಟ್ ಸರಿ, ಯಾವುದಕ್ಕೆ ಹೆದರಬೇಕು ಎಂಬುದೂ ತಿಳಿಯುತ್ತದೆ. ಅದಕ್ಕಾಗಿ ಈ ಲೇಖನ.

ಜಾಗ ಯಾವುದು?

ಎಲ್ಲರೂ "ದಾಂಡೇಲಿ ರಾಫ್ಟಿಂಗ್" ಎನ್ನುತ್ತಾರೆ. ಆದರೆ ರಭಸದ ನೀರಿರುವುದು ದಾಂಡೇಲಿ ಪಟ್ಟಣದಲ್ಲಲ್ಲ, ಅಲ್ಲಿಂದ ಸುಮಾರು 25 ಕಿ.ಮೀ. ದೂರದಲ್ಲಿರುವ ಗಣೇಶಗುಡಿಯಲ್ಲಿ. ಅದು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕು. ಬೆಳಗಾವಿಯಿಂದ ಖಾನಾಪುರ, ಲೋಂಡಾ, ರಾಮನಗರ, ಜಗಲಬೇಟ್ ಮಾರ್ಗವಾಗಿ ಹೋದರೆ ಸಿಗುತ್ತದೆ.

ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿ ಎಂಬಲ್ಲಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು ಕಾರವಾರದ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಅದು ಸಮುದ್ರ ಸೇರುವ ಜಾಗದ ಹೆಸರು ಸದಾಶಿವಗಡ. ಸದಾಶಿವನಗರದಲ್ಲಿರುವ ನಮಗೆ ನೆನಪಿಟ್ಟುಕೊಳ್ಳಲು ಸುಲಭ.

ನೀರು ಬೆಳ್ಳಗಾಗುವುದು ಏಕೆ?

ನದಿಯ ತಳ ಸಮವಾಗಿದ್ದರೆ ನೀರು ಸುಮ್ಮನೆ ಹರಿಯುತ್ತದೆ. ಮೂರು ಕಾರಣಗಳಿಂದ ಅದರ ಸ್ವಭಾವ ಬದಲಾಗುತ್ತದೆ: ತಳ ಒಮ್ಮೆಲೇ ಇಳಿಜಾರಾದಾಗ, ಎರಡು ದಡಗಳು ಹತ್ತಿರ ಬಂದಾಗ, ನಡುವೆ ಬಂಡೆಗಳು ಅಡ್ಡ ಬಂದಾಗ. ಆಗ ನೀರಿನೊಳಗೆ ಗಾಳಿ ಸೇರಿ ನೊರೆ ಏಳುತ್ತದೆ. ಆ ಗಾಳಿಗುಳ್ಳೆಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ನೀರು ಬೆಳ್ಳಗೆ ಕಾಣುತ್ತದೆ. ಇಂಥ ಜಾಗಗಳನ್ನು ರ‍್ಯಾಪಿಡ್ ಎನ್ನುತ್ತಾರೆ.

ರ‍್ಯಾಪಿಡ್‌ಗಳಿಗೆ ಜಗತ್ತಿನಾದ್ಯಂತ 1ರಿಂದ 6ರವರೆಗೆ ದರ್ಜೆ ಕೊಡುತ್ತಾರೆ. 1 ಎಂದರೆ ಸಣ್ಣ ಅಲೆ, 6 ಎಂದರೆ ಪರಿಣತರಿಗೂ ಪ್ರಾಣಾಪಾಯ. ಗಣೇಶಗುಡಿಯ ರ‍್ಯಾಪಿಡ್‌ಗಳು ಸಾಮಾನ್ಯವಾಗಿ 2 ಮತ್ತು 3ನೇ ದರ್ಜೆಯವು. ಒಳ್ಳೆಯ ಗೈಡ್ ಇದ್ದರೆ ಹೊಸಬರೂ ಹೋಗಬಹುದಾದ ಮಟ್ಟ ಇದು. ಆದರೆ ದರ್ಜೆ ಶಾಶ್ವತವಲ್ಲ. ನೀರು ಹೆಚ್ಚಾದರೆ ಅದೇ ಜಾಗ ಬೇರೆಯೇ ಆಗುತ್ತದೆ.

ಈ ನದಿಗೆ ಸ್ವಿಚ್ ಇದೆ

ಗಣೇಶಗುಡಿಯ ಮೇಲ್ಭಾಗದಲ್ಲೇ ಸೂಪಾ ಅಣೆಕಟ್ಟು ಇದೆ. ಎತ್ತರ 101 ಮೀಟರ್. ಅದರ ಹಿಂದೆ ಸುಮಾರು 145 ಟಿಎಂಸಿ ನೀರು ನಿಲ್ಲಬಲ್ಲದು. ಅಣೆಕಟ್ಟಿನ ಬುಡದಲ್ಲೇ ಕರ್ನಾಟಕ ವಿದ್ಯುತ್ ನಿಗಮದ ವಿದ್ಯುದಾಗಾರವಿದ್ದು, ತಲಾ 50 ಮೆಗಾವ್ಯಾಟ್‌ನ ಎರಡು ಟರ್ಬೈನ್‌ಗಳಿವೆ.

ರಾಫ್ಟಿಂಗ್ ನಡೆಯುವ ನೀರು ಈ ಟರ್ಬೈನ್ ತಿರುಗಿಸಿ ಹೊರಬಂದ ನೀರು. ಟರ್ಬೈನ್ ತಿರುಗಿದರೆ ನದಿ, ನಿಂತರೆ ಬರೀ ಬಂಡೆ. ರಾಜ್ಯಕ್ಕೆ ವಿದ್ಯುತ್ ಎಷ್ಟು ಬೇಕು ಎಂಬ ಲೆಕ್ಕದ ಮೇಲೆ ನೀರು ಬಿಡುತ್ತಾರೆ. ಬೆಳಿಗ್ಗೆ ಗೀಸರ್, ಸಂಜೆ ದೀಪ, ಟಿವಿ, ಮಿಕ್ಸರ್ ಎಲ್ಲ ಒಟ್ಟಿಗೆ ಶುರುವಾದಾಗ ಬೇಡಿಕೆ ಏರುತ್ತದೆ. ಅಂದರೆ ನಾವು ಹೆಸ್ಕಾಂ ಬಿಲ್ ಕಟ್ಟುವ ವಿದ್ಯುತ್ತಿಗೂ ಗಣೇಶಗುಡಿಯ ಅಲೆಗೂ ಸಂಬಂಧವಿದೆ.

ಇದೇ ನೀರು ಮುಂದೆ ದಾಂಡೇಲಿ ದಾಟಿ ಬೊಮ್ಮನಹಳ್ಳಿ ಜಲಾಶಯಕ್ಕೆ ಹೋಗಿ, ನಾಗಝರಿಯಲ್ಲಿ, ಕೊಡಸಳ್ಳಿಯಲ್ಲಿ, ಕದ್ರಾದಲ್ಲಿ ಮತ್ತೆ ಮತ್ತೆ ಟರ್ಬೈನ್ ತಿರುಗಿಸುತ್ತದೆ. ಒಂದೇ ನೋಟು ನಾಲ್ಕು ಅಂಗಡಿಗಳಲ್ಲಿ ವ್ಯಾಪಾರ ಮಾಡಿಸಿದ ಹಾಗೆ. ರಾಫ್ಟಿಂಗ್ ಕಂಪನಿಗಳು ನೀರನ್ನು ಖರ್ಚು ಮಾಡುವುದಿಲ್ಲ, ಮೊದಲ ಮತ್ತು ಎರಡನೇ ಅಂಗಡಿಯ ನಡುವಿನ ದಾರಿಯಲ್ಲಿ ಅದನ್ನು ಬಳಸಿಕೊಳ್ಳುತ್ತವೆ. ವಾಣಿಜ್ಯದ ಭಾಷೆಯಲ್ಲಿ ಇದು ವಿದ್ಯುತ್ತಿನ ಉಪ ಉತ್ಪನ್ನ.

ಈ ಸ್ವಿಚ್‌ಗೆ ಬೆಲೆ ತೆತ್ತವರೂ ಇದ್ದಾರೆ. ಜಲಾಶಯ ತುಂಬಿದಾಗ ಹಳೆಯ ಸೂಪಾ ಊರು ಮತ್ತು ಸುತ್ತಲಿನ ಹಳ್ಳಿಗಳು ಮುಳುಗಿದವು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಮನೆ, ಗದ್ದೆ ಬಿಟ್ಟ ಅನೇಕ ಕುಟುಂಬಗಳಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ನಾವು ಟ್ರಿಪ್‌ಗೆ ಹೋಗುವಾಗ ಚಹಾಕ್ಕೆ ನಿಲ್ಲಿಸುವ ರಾಮನಗರವೇ ಅದು.

ಎರಡು ನದಿ, ಎರಡು ಹಂಗಾಮು

ನಮ್ಮ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಇನ್ನೊಂದು ನದಿ ಹುಟ್ಟುತ್ತದೆ. ಪತ್ರಿಕೆಗಳಲ್ಲಿ ಕಳಸಾ-ಬಂಡೂರಿ ಸುದ್ದಿಯ ಜೊತೆ ಓದುವ ಮಹದಾಯಿ. ದೇಗಾವಿ ಬಳಿ ಹುಟ್ಟಿ, ಭೀಮಗಡ ವನ್ಯಜೀವಿ ಧಾಮದ ಕಾಡು ದಾಟಿ ಗೋವಾಕ್ಕೆ ಇಳಿಯುತ್ತದೆ. ಗೋವಾದ ಸತ್ತರಿ ತಾಲ್ಲೂಕಿನ ವಾಳಪೈ ಬಳಿ ಇದರಲ್ಲೂ ರಾಫ್ಟಿಂಗ್ ಇದೆ. ಆದರೆ ಮಳೆಗಾಲದಲ್ಲಿ ಮಾತ್ರ.

ಎರಡೂ ಒಂದೇ ಘಟ್ಟದ ನದಿಗಳು. ಹಾಗಿದ್ದರೆ ಹಂಗಾಮು ತಿರುಗಮುರುಗ ಏಕೆ? ಮಹದಾಯಿಯ ಮೇಲ್ಭಾಗದಲ್ಲಿ ಸೂಪಾದಂಥ ದೊಡ್ಡ ಜಲಾಶಯ ಇಲ್ಲ. ಮಳೆ ಬಂದಾಗ ತುಂಬಿ ಹರಿಯುತ್ತದೆ, ನಿಂತ ಮೇಲೆ ಇಳಿದುಹೋಗುತ್ತದೆ. ಕೊಡಗಿನ ಬರಪೊಳೆಯಲ್ಲಿಯೂ ಹೀಗೆಯೇ, ಮಳೆಗಾಲದಲ್ಲಷ್ಟೇ ರಾಫ್ಟಿಂಗ್. ಕಾಳಿಯಲ್ಲಿ ಮಾತ್ರ ಮಳೆಯ ನೀರನ್ನು ಅಣೆಕಟ್ಟು ಹಿಡಿದಿಟ್ಟು ಬೇಸಿಗೆಯವರೆಗೂ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಹಾಗಾಗಿ ಬೇರೆ ನದಿಗಳು ಒಣಗಿರುವ ರಜೆಯ ದಿನಗಳಲ್ಲೇ ಇಲ್ಲಿ ಜನಜಾತ್ರೆ. ಮಳೆಗಾಲ ಬಂದರೆ ಇಲ್ಲಿ ರಾಫ್ಟಿಂಗ್ ನಿಲ್ಲುತ್ತದೆ.

ಕಡಿಮೆ ರೇಟ್ ಎಲ್ಲಿಂದ ಬರುತ್ತದೆ?

ಈಗ ನಮ್ಮ ವಿಷಯಕ್ಕೆ ಬರೋಣ. ಒಂದು ಟ್ರಿಪ್‌ಗೆ ಕಂಪನಿಗೆ ಆಗುವ ಖರ್ಚಿನಲ್ಲಿ ಹೆಚ್ಚಿನದು ಸ್ಥಿರ ವೆಚ್ಚ: ರಾಫ್ಟ್, ಜಾಕೆಟ್, ಹೆಲ್ಮೆಟ್, ಜೀಪ್, ಗೈಡ್‌ನ ಸಂಬಳ. ಆರು ಜನ ಕೂತರೂ ಹತ್ತು ಜನ ಕೂತರೂ ಅದು ಹೆಚ್ಚು ಕಡಿಮೆ ಅಷ್ಟೇ. ಲೆಕ್ಕಕ್ಕಾಗಿ ಒಂದು ಟ್ರಿಪ್‌ಗೆ 6,000 ರೂಪಾಯಿ ಖರ್ಚು ಎಂದುಕೊಳ್ಳಿ. ಆರು ಜನ ಕೂತರೆ ತಲೆಗೆ 1,000. ಎಂಟು ಜನ ಕೂತರೆ 750. ಹತ್ತು ಜನ ಕೂತರೆ 600.

ಬೇರೆ ವ್ಯಾಪಾರದಲ್ಲಿ ಗಿರಾಕಿ ಹೆಚ್ಚಾದರೆ ಇನ್ನೊಂದು ಪಾಳಿ ಕೆಲಸ ಮಾಡಬಹುದು. ಇಲ್ಲಿ ಆಗುವುದಿಲ್ಲ. ನೀರು ಬಿಡುವ ಗಂಟೆಗಳು ಕಂಪನಿಯ ಕೈಯಲ್ಲಿಲ್ಲ. ಪೂರೈಕೆ ಗಟ್ಟಿಯಾಗಿ ನಿಂತಿದೆ, ಶನಿವಾರ ಭಾನುವಾರ ಬೇಡಿಕೆ ಮಾತ್ರ ಏರುತ್ತದೆ. ಆಗ ಉಳಿಯುವ ಸುಲಭದ ದಾರಿ ಯಾವುದು? ಒಂದೇ ರಾಫ್ಟ್‌ನಲ್ಲಿ ಹೆಚ್ಚು ಜನರನ್ನು ಕೂರಿಸುವುದು. ಇಲ್ಲವೇ ದೂರ ಕಡಿಮೆ ಮಾಡಿ, ಒಂದೆರಡು ಕಿ.ಮೀ. ಓಡಾಡಿಸಿ "ರಾಫ್ಟಿಂಗ್" ಎಂದೇ ಹೆಸರಿಡುವುದು.

ದೂರ ಕಡಿಮೆಯಾದರೆ ಹಣ ಹೋಗುತ್ತದೆ ಅಷ್ಟೇ. ಜನ ಹೆಚ್ಚಾದರೆ ಪ್ರಾಣಕ್ಕೆ ಕುತ್ತು. ಭಾರ ಹೆಚ್ಚಾದ ರಾಫ್ಟ್ ಗೈಡ್ ಹೇಳಿದ ಕಡೆ ತಿರುಗುವುದಿಲ್ಲ, ಬಂಡೆಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿ ಬಳಿ ಮಿತಿಗಿಂತ ಹೆಚ್ಚು ಪ್ರವಾಸಿಗರಿದ್ದ ರಾಫ್ಟ್ ರಭಸಕ್ಕೆ ಸಿಲುಕಿದ ವಿಡಿಯೊ ಅನೇಕರ ಮೊಬೈಲಿಗೆ ಬಂದಿತ್ತು. ಅದೃಷ್ಟಕ್ಕೆ ಅವರನ್ನು ಪಾರು ಮಾಡಲಾಯಿತು. ಅದರ ನಂತರ ಜಿಲ್ಲಾಡಳಿತ ಕೆಲ ಕಾಲ ಜಲಕ್ರೀಡೆಗಳನ್ನೇ ನಿಲ್ಲಿಸಿತು. ನಿಯಮ ಪಾಲಿಸುತ್ತಿದ್ದ ಗೈಡ್‌ಗಳ ದುಡಿಮೆಯೂ ಅದರ ಜೊತೆ ನಿಂತಿತು. ಇವರಲ್ಲಿ ಜೋಯಿಡಾ ಸುತ್ತಲಿನ ಹಳ್ಳಿಗಳ ಯುವಕರಿದ್ದಾರೆ. ವರ್ಷದ ಕೆಲವೇ ತಿಂಗಳ ಸಂಪಾದನೆ ಅವರದು.

ಹಾಗಾಗಿ ಚೌಕಾಶಿ ಮಾಡುವಾಗ ನಾವು ಕಡಿಮೆ ಮಾಡಿಸುತ್ತಿರುವುದು ಯಾವ ಖರ್ಚನ್ನು ಎಂದು ಯೋಚಿಸಬೇಕು. ಅಣೆಕಟ್ಟನ್ನಲ್ಲ, ನೀರನ್ನಲ್ಲ. ಗೈಡ್‌ನ ಕೂಲಿಯನ್ನು ಮತ್ತು ನಮ್ಮದೇ ಸುರಕ್ಷತೆಯನ್ನು.

ದಡದಲ್ಲಿರುವವರು

ನದಿಯ ಎರಡೂ ಕಡೆ ಕಾಡು. ಹತ್ತಿರದಲ್ಲೇ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ. ಮೊದಲು ದಾಂಡೇಲಿ-ಅಣಶಿ ಎಂದಿದ್ದ ಅದಕ್ಕೆ 2015ರಲ್ಲಿ ನದಿಯ ಹೆಸರನ್ನೇ ಇಟ್ಟರು. ರಾಫ್ಟ್‌ನಿಂದ ಹುಲಿ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಿಂಚುಳ್ಳಿ, ಕೆಂಜಳಿಲು, ಅದೃಷ್ಟವಿದ್ದರೆ ನೀರುನಾಯಿ ಕಾಣಬಹುದು. ಮೊಸಳೆಗಳಿರುವುದು ಕೆಳಗೆ ದಾಂಡೇಲಿ ಕಡೆಯ ನಿಧಾನ ನೀರಿನಲ್ಲಿ. ಅಲ್ಲಿ ಈಜಲು ಇಳಿಯಲೇಬಾರದು.

ಇಲ್ಲಿನ ವಿಶೇಷ ಮಂಗಟ್ಟೆ ಹಕ್ಕಿ. ಇದಕ್ಕಾಗಿಯೇ 2011ರಲ್ಲಿ ದಾಂಡೇಲಿ ಭಾಗದಲ್ಲಿ ಪ್ರತ್ಯೇಕ ಸಂರಕ್ಷಣಾ ಪ್ರದೇಶ ಘೋಷಿಸಿದರು. ಹೆಣ್ಣು ಹಕ್ಕಿ ದೊಡ್ಡ ಮರದ ಪೊಟರೆಯೊಳಗೆ ಹೋಗಿ, ಬಾಯನ್ನು ಒಂದು ಸೀಳು ಮಾತ್ರ ಬಿಟ್ಟು ಮುಚ್ಚಿಕೊಳ್ಳುತ್ತದೆ. ಮೊಟ್ಟೆ ಇಟ್ಟು ಮರಿ ಮಾಡುವಾಗ ಅದಕ್ಕೆ ಹಣ್ಣು ತಂದು ಆ ಸೀಳಿನಲ್ಲಿ ಕೊಡುವುದು ಗಂಡು. ಗಂಡಿಗೆ ಏನಾದರೂ ಆದರೆ ಒಳಗಿರುವ ಕುಟುಂಬಕ್ಕೆ ಉಪವಾಸ. ಬೇಸಿಗೆಯ ರಜೆಯೂ ಇವುಗಳ ಗೂಡಿನ ಕಾಲವೂ ಒಂದೇ. ನಮ್ಮ ಸ್ಪೀಕರ್, ನಮ್ಮ ಕೂಗಾಟ ಯಾರ ಮನೆ ಬಾಗಿಲಲ್ಲಿ ನಡೆಯುತ್ತಿದೆ ಎಂಬುದು ನೆನಪಿರಲಿ.

ಹೊರಡುವ ಮೊದಲು ಕೇಳಬೇಕಾದದ್ದು

1. ಎಷ್ಟು ಕಿ.ಮೀ.? ಎಷ್ಟು ರ‍್ಯಾಪಿಡ್? ಉತ್ತರ ಸ್ಪಷ್ಟವಾಗಿರಬೇಕು.

2. ಒಂದು ರಾಫ್ಟ್‌ಗೆ ಎಷ್ಟು ಜನ? ಅಲ್ಲಿಗೆ ಹೋದ ಮೇಲೆ ಹೆಚ್ಚು ಜನ ಹತ್ತಿದರೆ ಇಳಿದುಬಿಡಿ. ಹಣ ಹೋದರೂ ಪರವಾಗಿಲ್ಲ.

3. ಪರವಾನಗಿ ಇದೆಯೇ? ಜೊತೆಗೆ ರಕ್ಷಣೆಗೆ ಕಯಾಕ್ ಅಥವಾ ಇನ್ನೊಂದು ರಾಫ್ಟ್ ಬರುತ್ತದೆಯೇ?

4. ಜಾಕೆಟ್ ಹಾಕಿಕೊಂಡು ಭುಜದ ಪಟ್ಟಿ ಹಿಡಿದು ಗೆಳೆಯನಿಗೆ ಮೇಲೆತ್ತಲು ಹೇಳಿ. ಗಲ್ಲದವರೆಗೆ ಬಂದರೆ ಅದು ಸಡಿಲ, ಬೇರೆ ಕೇಳಿ. ಈಜು ಬರುವವರಿಗೂ ಜಾಕೆಟ್, ಹೆಲ್ಮೆಟ್ ಕಡ್ಡಾಯ.

5. ನೀರಿಗೆ ಬಿದ್ದರೆ ಎದ್ದು ನಿಲ್ಲಲು ಹೋಗಬೇಡಿ. ಕಾಲು ಬಂಡೆಯ ಸಂದಿಯಲ್ಲಿ ಸಿಕ್ಕರೆ ನೀರು ಮೇಲಿಂದ ಒತ್ತುತ್ತದೆ. ಬೆನ್ನ ಮೇಲೆ ಮಲಗಿ, ಕಾಲುಗಳನ್ನು ನೀರು ಹೋಗುವ ಕಡೆ ಮೇಲಕ್ಕೆ ಚಾಚಿ, ಹಗ್ಗ ಎಸೆಯುವವರೆಗೆ ತೇಲಿ.

6. ದುಪಟ್ಟಾ, ಅಬಾಯಾ, ಸಡಿಲ ಪೈಜಾಮ ನೀರು ಹೀರಿ ಭಾರವಾಗುತ್ತವೆ, ಹಗ್ಗಕ್ಕೂ ಸಿಕ್ಕಿಕೊಳ್ಳುತ್ತವೆ. ಮೈಮುಚ್ಚುವ ಈಜಿನ ಉಡುಪು ಸಿಗುತ್ತದೆ. ಸ್ಕಾರ್ಫ್ ಕಟ್ಟುವವರು ಪಿನ್ ಬಿಟ್ಟು, ತಲೆಗೆ ಬಿಗಿಯಾಗಿ ಕೂರುವ ಹೊಲಿದ ಸ್ಕಾರ್ಫ್ ಹಾಕಿಕೊಂಡರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ.

7. ಹೃದಯದ ತೊಂದರೆ, ಮೂರ್ಛೆ ರೋಗ, ಇತ್ತೀಚಿನ ಆಪರೇಷನ್ ಇದ್ದರೆ ಮುಚ್ಚಿಡದೆ ಹೇಳಿ, ರಾಫ್ಟ್ ಹತ್ತಬೇಡಿ.

8. ರಾಫ್ಟಿಂಗ್ ಇಲ್ಲದ ಹೊತ್ತಿನಲ್ಲಿ, ನೀರು ಕಡಿಮೆ ಇದೆ ಎಂದು ನದಿಯ ನಡುವಿನ ಬಂಡೆ ಮೇಲೆ ಕೂತು ಊಟ ಮಾಡುವುದು, ಸೆಲ್ಫಿ ತೆಗೆಯುವುದು ಬೇಡ. ಮೇಲೆ ಟರ್ಬೈನ್ ಶುರುವಾದರೆ ನೀರು ನೋಡನೋಡುತ್ತಲೇ ಏರುತ್ತದೆ. ಆಕಾಶದಲ್ಲಿ ಮೋಡವೇ ಇಲ್ಲದ ದಿನವೂ ಈ ನದಿ ತುಂಬುತ್ತದೆ ಎಂಬುದೇ ಇಲ್ಲಿನ ದೊಡ್ಡ ಅಪಾಯ.

ಈ ಎಂಟರಲ್ಲಿ ಎರಡನೆಯದನ್ನು ಮಾತ್ರವಾದರೂ ನೆನಪಿಡಿ ಗೆಳೆಯರೇ. ರಾಫ್ಟ್‌ನಲ್ಲಿ ಎಷ್ಟು ಜನ ಎಂದು ಪ್ರತಿಯೊಬ್ಬ ಗಿರಾಕಿಯೂ ಕೇಳಲು ಶುರು ಮಾಡಿದರೆ ಹೆಚ್ಚು ಜನರನ್ನು ಕೂರಿಸುವ ವ್ಯಾಪಾರ ತಾನಾಗಿಯೇ ನಷ್ಟಕ್ಕೆ ಬೀಳುತ್ತದೆ. ಮನೆಯಲ್ಲಿ ಒಪ್ಪಿಗೆ ಕೇಳುವಾಗಲೂ ಆ ಉತ್ತರ ನಿಮ್ಮ ಕೈಯಲ್ಲಿದ್ದರೆ ಅಮ್ಮಿಯ ಜೊತೆ ಮಾತನಾಡುವುದು ಸುಲಭ.